ಸೈನಿಕರಿಗೆ ಎಣ್ಣೆಸ್ನಾನ ಬೇಡ

ಪ್ರಶ್ನೆ: ಅಟ್ಟದ ಮೇಲೆ ಹಳೇ ಬಿಸ್ಕತ್ತು ಡಬ್ಬಿಯಲ್ಲಿ ನಮ್ಮಣ್ಣನ ಪ್ಲಾಸ್ಟಿಕ್ ಸೈನಿಕರು ಸಿಕ್ಕರು. ಐವತ್ತು ವರ್ಷದ ಹಿಂದಿನವು. ಕೆಲವರ ಬಂದೂಕು ಬಾಗಿದೆ. ಇಬ್ಬರದು ಮುಟ್ಟಿದ ಕೂಡಲೇ ಲಟ್ಟನೆ ಮುರಿಯಿತು. ಕೊಬ್ಬರಿ ಎಣ್ಣೆ ಸವರಿದರೆ ಮೆತ್ತಗಾಗುತ್ತವೆ ಎನ್ನುತ್ತಾರೆ ನಮ್ಮತ್ತಿಗೆ. ಸವರಲಾ? ದಸರಾ ಗೊಂಬೆಗಳ ಜೊತೆ ಇಡಬಹುದಾ?
– ಓದುಗಿ, ಗಿರಿನಗರ

ಉತ್ತರ: ಸವರಬೇಡಿ ತಾಯಿ, ನಾನು ಸವರಿ ಕೆಟ್ಟವನು. ಹನುಮಂತನಗರದ ನಮ್ಮ ಹಳೇ ಮನೆ ತಾರಸಿಯಲ್ಲಿ ಹನ್ನೆರಡು ಜನಕ್ಕೆ ಎಣ್ಣೆ ಹಚ್ಚಿ, ಹಪ್ಪಳದ ಹಾಗೆ ಬಿಸಿಲಿಗೆ ಹರಡಿದ್ದೆ. ಸಂಜೆಗೆ ಮೈತುಂಬ ಧೂಳು, ಕಮಟು ವಾಸನೆ. ಬಂದೂಕುಗಳು ಆಮೇಲೂ ಮುರಿದವು.

ಇಂಥ ಮೆತ್ತನೆ ಸೈನಿಕರು ಜಾಸ್ತಿ ಪಾಲಿಥೀನಿನವರು. ಪಾಲಿಥೀನ್ ಎಂದರೆ ಅಣುಗಳ ಉದ್ದುದ್ದ ಸರಪಳಿ. ಬಿಸಿಲೂ ಗಾಳಿಯ ಆಮ್ಲಜನಕವೂ ಸೇರಿ ವರ್ಷಗಟ್ಟಲೆ ಅದನ್ನು ತುಂಡು ತುಂಡು ಮಾಡುತ್ತವೆ. ತುಂಡಾದ ಸರಪಳಿಯನ್ನು ಎಣ್ಣೆ ಬೆಸೆಯುವುದಿಲ್ಲ. ನಾನು ಮದ್ದು ಅಂದುಕೊಂಡ ಬಿಸಿಲೇ ರೋಗ!

ಬಾಗಿದ್ದರೂ ಇನ್ನೂ ಬಳುಕುವ ಸೈನಿಕನಿಗೆ ಒಂದು ಉಪಾಯ ಉಂಟು. ಕೈಗೆ ಬಿಸಿ ತಾಗುವಷ್ಟು ನೀರಲ್ಲಿ ಅರ್ಧ ನಿಮಿಷ ಅದ್ದಿ, ಬಂದೂಕು ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಇಳಿಸಿ. ಕುದಿಯುವ ನೀರು ಬೇಡ. ಮುರಿಯುವ ಜಾತಿಯವನ ತಂಟೆಗೆ ಮಾತ್ರ ಹೋಗಬೇಡಿ. ಧೂಳಿಗೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನ ಒಂದು ಹನಿ, ಮೆತ್ತನೆ ಬ್ರಷ್ ಸಾಕು. ಬಣ್ಣ ಹಚ್ಚಿದ್ದರೆ ಬ್ರಷ್ಷೂ ಬೇಡ, ಪಾಲಿಥೀನಿನ ಮೇಲೆ ಬಣ್ಣ ಕಚ್ಚಿಕೊಳ್ಳುವುದೇ ಕಷ್ಟ. ಗೋಂದೂ ಅಷ್ಟೇ. ಮುರಿದ ಬಂದೂಕನ್ನು ಕಾಗದದ ಪೊಟ್ಟಣದಲ್ಲಿ ಸುತ್ತಿ ಅವನ ಪಕ್ಕದಲ್ಲೇ ಇಡಿ. ಡಬ್ಬಿಯಲ್ಲಿ ಅಂಟಂಟಾದ ಪಿವಿಸಿ ಆಟಿಕೆ ಇದ್ದರೆ ಬೇರೆ ಮಾಡಿ. ಅದು ಬಿಡುವ ಜಿಡ್ಡು ಪಕ್ಕದವರನ್ನೂ ಹಾಳು ಮಾಡುತ್ತದೆ.

ಎಲ್ಲಿಯವರು ಅಂತ ತಿಳಿಯುವ ಆಸೆ ಇದ್ದರೆ ಅಡಿಪಟ್ಟಿ ತನ್ನಿ. ನಿಂತವನು ಸುಮಾರು 25 ಮಿಲಿಮೀಟರ್ ಇದ್ದರೆ ನಿಜದ ಮನುಷ್ಯನ ಎಪ್ಪತ್ತೆರಡನೇ ಒಂದು ಪಾಲಿನ ಅಳತೆ. 54ರ ಆಸುಪಾಸು ಇದ್ದರೆ ಮೂವತ್ತೆರಡನೇ ಒಂದು ಪಾಲು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1959ರಲ್ಲಿ ಪುಟ್ಟ ಅಳತೆಯ ಸೈನಿಕರನ್ನು ತಂದದ್ದು. ಶುರು ಮಾಡಿದ್ದು ಗಾರ್ಡ್ಸ್ ಬ್ಯಾಂಡಿನವರಿಂದ, ಅಂದರೆ ಬಂದೂಕಿಗಿಂತ ಮೊದಲು ವಾದ್ಯ! ಅಳತೆ ಕೂಡಿತು ಅಂತ ಹಿಗ್ಗಬೇಡಿ. ಹಾಂಗ್‌ಕಾಂಗಿನ ನಕಲುಗಳು ಬೇಕಾದಷ್ಟಿವೆ. ನನ್ನವೂ ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಪೊಟ್ಟಣದ ಲೆಕ್ಕದಲ್ಲಿ ಕೊಂಡವು, ಹುಟ್ಟೂರು ಯಾವುದೋ. ಪ್ರೀತಿಗೇನೂ ಕಡಿಮೆಯಿಲ್ಲ.

ಗೊಂಬೆ ಹಬ್ಬಕ್ಕೆ ಧಾರಾಳವಾಗಿ ಇಡಿ. ದೀಪದಿಂದ, ಕಿಟಕಿ ಬಿಸಿಲಿನಿಂದ ದೂರ ಇರಲಿ. ನಮ್ಮನೆಯಲ್ಲಿ ಪಾರ್ಕಿಗೆ ರಾಗಿ ಪೈರು ಬೆಳೆಸುತ್ತೇವೆ. ಒಂಬತ್ತು ದಿನದಲ್ಲಿ ಮೊಳಕಾಲೂರಿದ ಸೈನಿಕರೆಲ್ಲ ಅದರಲ್ಲಿ ಮುಳುಗಿ ಹೋಗುತ್ತಾರೆ, ನೋಡಲು ಬಲು ಚೆಂದ. ಪಟ್ಟದ ಗೊಂಬೆಗಳ ಕಡೆ ಮಾತ್ರ ಯಾರ ಬಂದೂಕೂ ಇರದ ಹಾಗೆ ನೋಡಿಕೊಳ್ಳಿ. ಒಂದು ವರ್ಷ ನಾನು ಗಮನಿಸಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮಮ್ಮ ಇಡೀ ಪಡೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು.