ಅಜ್ಜಿಯ ಮುಖ ಯಾಕೆ ಸಣ್ಣದಾಯಿತು?

ಪ್ರಶ್ನೆ: ನನಗೆ 34 ವರ್ಷ, ಧಾರವಾಡದ ಕಡೆಯವಳು. ಹತ್ತು ವರ್ಷದಿಂದ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಕ್ವಾಯರ್‌ನಲ್ಲಿ, ಅಂದರೆ ಗಾಯನ ತಂಡದಲ್ಲಿ, ಹಾಡುತ್ತಿದ್ದೇನೆ. ಈ ಸಲ ಗುಡ್ ಫ್ರೈಡೆಗೆ ಒಬ್ಬಳೇ ಹಾಡಿದೆ. ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು, 'ಯಜಮಾನರು ಹೋದ ಮ್ಯಾಲೆ ಇವತ್ತ ನೋಡವಾ ನನಗ ಅಳು ಬಂದದ್ದು' ಅಂದರು. ನಾನು 'ಅಯ್ಯೋ, ನಂದೇನಿಲ್ಲ ಅಜ್ಜಿ, ಗಂಟಲು ಬೇರೆ ಕಟ್ಟಿತ್ತು, ಎಲ್ಲಾ ಮಹಿಮೆ ದೇವರಿಗೆ' ಅಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಮನೆಗೆ ಬಂದು ಅದೇ ಮಾತನ್ನು ಹತ್ತು ಸಲ ಮೆಲುಕು ಹಾಕಿ ಖುಷಿಪಟ್ಟೆ, ಆಮೇಲೆ ಹೆದರಿದೆ. ಹೊಗಳಿಸಿಕೊಂಡ ಹೆರೋದ ರಾಜ ಹುಳ ಬಿದ್ದು ಸತ್ತ ಅಂತ ನಮ್ಮ ಭಾವ ಆಗಾಗ ಹೇಳುತ್ತಿರುತ್ತಾರೆ. ಈಸ್ಟರ್‌ಗೆ ಹೊಸ ಹುಡುಗಿಯೊಬ್ಬಳು ಹಾಡಿದಳು, ನಾನು ಬೇಗ ಮನೆಗೆ ಬಂದೆ, ಅದಿರಲಿ. ಹಾಡುವುದನ್ನೇ ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಭಾವನವರ ಹೆರೋದನನ್ನು ಮುಗಿಸಿಬಿಡೋಣ. ಕಥೆ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 12ನೇ ಅಧ್ಯಾಯದಲ್ಲಿದೆ. ರಾಜವಸ್ತ್ರ ತೊಟ್ಟು ಭಾಷಣ ಮಾಡಿದ ಅವನಿಗೆ ಜನ 'ಇದು ಮನುಷ್ಯನ ದನಿಯಲ್ಲ, ದೇವರ ದನಿ' ಎಂದು ಕೂಗಿದರು. ಅವನು ಬೇಡ ಅನ್ನಲಿಲ್ಲ. ಎರಡು ಅಧ್ಯಾಯ ದಾಟಿದರೆ ಲುಸ್ತ್ರ ಎಂಬ ಊರಿನ ಜನ, ಯೇಸುವಿನ ಸುದ್ದಿ ಸಾರಲು ಬಂದ ಪೌಲ, ಬಾರ್ನಬರನ್ನೇ ದೇವರೆಂದುಕೊಂಡು ಬಲಿ ಕೊಡಲು ಎತ್ತುಗಳನ್ನು ತರುತ್ತಾರೆ. ಇವರಿಬ್ಬರೂ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗಿ ತಡೆಯುತ್ತಾರೆ. ನಿಮ್ಮ ಮುಂದೆ ಯಾರೂ ಎತ್ತು ತಂದು ನಿಲ್ಲಿಸಿಲ್ಲ, ಅಲ್ವಾ? ಒಬ್ಬ ಅಜ್ಜಿ ತನಗೆ ಅಳು ಬಂತು ಅಂದರು, ಅಷ್ಟೇ.

ಸರಿಯಾಗಿ ನೋಡಿದರೆ ಅದು ಹೊಗಳಿಕೆಯೂ ಅಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ದುಃಖದ ಸುದ್ದಿ ಹೇಳಲು ಬಂದಿದ್ದರು. ನೀವು ನಿಮ್ಮ ಗಂಟಲಿನ ಸುದ್ದಿ ಹೇಳಿದಿರಿ. ಮುಖ ಸಣ್ಣದಾಗದೆ ಇನ್ನೇನಾದೀತು?

ಬೇಜಾರು ಮಾಡಿಕೊಳ್ಳಬೇಡಿ, ನಾನೂ ಅದೇ ಜಾತಿ. ಅಂಕಣ ಚೆನ್ನಾಗಿದೆ ಅಂತ ಯಾರಾದರೂ ಅಂದರೆ 'ಏನೋ ಗೀಚ್ತೀನಿ ಬಿಡಿ' ಅಂದುಬಿಡುತ್ತೇನೆ. ಇನ್ನೊಂದು ಸಲ ಹೇಳಲಿ ಎಂಬ ಆಸೆ ಅದರೊಳಗೇ ಇರುತ್ತದೆ.

ಲೂಕನ ಸುವಾರ್ತೆಯ ಮೊದಲ ಅಧ್ಯಾಯ ಮತ್ತೆ ಓದಿ ನೋಡಿ. ಎಲಿಸಬೇತಳು ಮನೆಗೆ ಬಂದ ಮರಿಯಳನ್ನು, ಯೇಸುವಿನ ತಾಯಿಯಾಗಲಿದ್ದವಳನ್ನು, ಹೆಂಗಸರಲ್ಲೆಲ್ಲ ಧನ್ಯಳು ಎಂದು ಗಟ್ಟಿಯಾಗಿ ಕೊಂಡಾಡುತ್ತಾಳೆ. ಮರಿಯಳು 'ಛೆ ಛೆ, ನಾನೆಲ್ಲಿ' ಅನ್ನುವುದಿಲ್ಲ. ಹಾಡುತ್ತಾಳೆ! ದೇವರನ್ನು ಕೊಂಡಾಡುತ್ತಲೇ, ಇನ್ನು ಮೇಲೆ ಎಲ್ಲ ತಲೆಮಾರಿನವರೂ ನನ್ನನ್ನು ಧನ್ಯಳೆನ್ನುವರು ಎಂದೂ ಸಂಕೋಚವಿಲ್ಲದೆ ಹೇಳುತ್ತಾಳೆ. ತಾನು ದಾಸಿ, ದೊಡ್ಡ ಕೆಲಸ ಮಾಡಿದವನು ಅವನು ಎಂಬುದು ಅವಳಿಗೆ ಗೊತ್ತು. ಅದು ಗೊತ್ತಿದ್ದದ್ದಕ್ಕೇ ಹೊಗಳಿಕೆಯನ್ನು ತಳ್ಳಿಹಾಕುವ ಕಷ್ಟ ಅವಳಿಗೆ ಬರಲಿಲ್ಲ.

'ದೇವರಿಗೆ ಮಹಿಮೆ' ಅನ್ನಲೇಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಯಾರಾದರೂ ಕೈ ಹಿಡಿದಾಗ ಆ ಮಾತನ್ನು ಕೊಡೆಯ ಹಾಗೆ ಬಿಚ್ಚಿ ಅಡ್ಡ ಹಿಡಿಯಬೇಡಿ. ನಿಂತು ಕೇಳಿ. 'ನೀವು ಹೇಳಿದ್ದು ಒಳ್ಳೇದಾಯ್ತು ಅಜ್ಜಿ' ಅನ್ನಿ. ಮಹಿಮೆಯ ಮಾತನ್ನು ರಾತ್ರಿ ಪ್ರಾರ್ಥನೆಯಲ್ಲಿ ಹೇಳಿ, ಅಲ್ಲಿ ಖುಷಿಯನ್ನೂ ಮುಚ್ಚಿಡಬೇಡಿ. ಪಡೆದುಕೊಳ್ಳದೇ ಇರುವಂಥದ್ದು ನಿನ್ನಲ್ಲಿ ಏನಿದೆ ಎಂದು ಪೌಲನು ಕೊರಿಂಥದವರನ್ನು ಕೇಳಿದ್ದ. ನಿಮಗೆ ಮೊದಲು ಹಾಡು ಕಲಿಸಿದವರು, ಗುಡ್ ಫ್ರೈಡೆ ದಿನ ನಿಮ್ಮ ಶ್ರುತಿಗೆ ತಕ್ಕಂತೆ ಕೀಬೋರ್ಡ್ ನುಡಿಸಿದವರು, ಅವರ ಹೆಸರೂ ಆ ಪ್ರಾರ್ಥನೆಗೆ ಸೇರಲಿ. ಹತ್ತು ಸಲ ಮೆಲುಕು ಹಾಕಿದ್ದು ಸ್ವಲ್ಪ ಜಾಸ್ತಿಯಾಯಿತು, ನಿಜ. ಮೂರನೇ ಸಲಕ್ಕೆ ಮುಂದಿನ ಭಾನುವಾರದ ಹಾಡು ತೆಗೆದು ಕೂತುಬಿಡಿ.

ಆದರೂ ನಿಮ್ಮ ಹೆದರಿಕೆ ಪೂರ್ತಿ ಸುಳ್ಳಲ್ಲ. ನಮ್ಮ ಬಸವಣ್ಣನವರೇ ತಮ್ಮವರ ಹೊಗಳಿಕೆಯನ್ನು ಹೊನ್ನಶೂಲ ಅಂದರು. ಚಿನ್ನ ಬೆಳ್ಳಿಯನ್ನು ಬೆಂಕಿ ಪರೀಕ್ಷಿಸುವ ಹಾಗೆ ಮನುಷ್ಯನನ್ನು ಹೊಗಳಿಕೆ ಪರೀಕ್ಷಿಸುತ್ತದೆ ಎಂಬ ಮಾತು ಬೈಬಲಿನ ಜ್ಞಾನೋಕ್ತಿ 27ನೇ ಅಧ್ಯಾಯದಲ್ಲಿದೆ. ನಿಮ್ಮ ಪರೀಕ್ಷೆ ಗುಡ್ ಫ್ರೈಡೆ ದಿನ ನಡೆಯಿತು ಅಂತ ನೀವು ಅಂದುಕೊಂಡಿದ್ದೀರಿ. ನನ್ನ ಕಣ್ಣು ನಿಂತದ್ದು ಪತ್ರದ ಕೊನೆಯ 'ಅದಿರಲಿ' ಎಂಬಲ್ಲಿ. ಈಸ್ಟರ್ ದಿನ ಬೇಗ ಹೊರಟದ್ದು ಯಾಕೆ? ಮನೆಯಲ್ಲಿ ನಿಜವಾಗಿಯೂ ಕೆಲಸ ಇದ್ದಿರಬಹುದು, ಹಾಗಿದ್ದರೆ ಕ್ಷಮಿಸಿ. ಇಲ್ಲದಿದ್ದರೆ, ಹೆರೋದನಿಗಿಂತ ಜಾಸ್ತಿ ಯೋಚಿಸಬೇಕಾದ ವಿಷಯ ಇದು.

ಹಾಡುವುದನ್ನು ಬಿಡಬೇಡಿ. ಈ ಭಾನುವಾರ ಆ ಹುಡುಗಿಯನ್ನು ಹುಡುಕಿಕೊಂಡು ಹೋಗಿ. 'ಚೆನ್ನಾಗಿ ಹಾಡಿದೆ' ಅಂತ ಸುಮ್ನೆ ಅಂದು ಬರಬೇಡಿ. ಯಾವ ಸಾಲು ಚೆನ್ನಾಗಿ ಬಂತು, ಎಲ್ಲಿ ಉಸಿರು ಸರಿಯಾಗಿ ಹಿಡಿದಳು ಅನ್ನುವುದು ಹತ್ತು ವರ್ಷ ಹಾಡಿದ ನಿಮಗೇ ಗೊತ್ತಾಗುವುದು. ಅದನ್ನು ಹೇಳಿ. ಅವಳು 'ಅಯ್ಯೋ, ನಂದೇನಿಲ್ಲ ಅಕ್ಕಾ' ಅಂದರೆ ನಗಬೇಡಿ.

ಹಾಗೇ ಒಂದು ಸಂಜೆ ಅಜ್ಜಿಯ ಮನೆಗೆ ಹೋಗಿ ಬನ್ನಿ. ಯಜಮಾನರ ಬಗ್ಗೆ ಕೇಳಿ, ಅವರು ಹೇಳುವಷ್ಟು ಹೊತ್ತು ಕೂತಿರಿ. ಒಂದು ಹಾಡು ಹೇಳು ಅಂದರೆ, ಗಂಟಲು ಹೇಗೇ ಇರಲಿ, ಹೇಳಿ.