ಪತ್ನಿಯ ವರದಿಗಳು ಸರಿಯಿರುವಾಗ ಪತಿಯ ಪರೀಕ್ಷೆಯನ್ನು ಮುಂದೂಡಬೇಡಿ

ಮದುವೆಯಾಗಿ ಮೂರು ವರ್ಷವಾದರೂ ಗರ್ಭ ಧರಿಸಿಲ್ಲ, ನಿಮ್ಮ ಸ್ಕ್ಯಾನ್ ಮತ್ತು ಥೈರಾಯ್ಡ್ ವರದಿಗಳು ಸರಿಯಿವೆ, ಪತಿ ಮಾತ್ರ ಯಾವ ಪರೀಕ್ಷೆಗೂ ಒಪ್ಪುತ್ತಿಲ್ಲ, ಮುಂದೇನು ಎಂದು ಕೇಳಿದ್ದೀರಿ. ವೀರ್ಯ ಪರೀಕ್ಷೆ ನಡೆಯುವ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಚಿಕಿತ್ಸೆಯ ನಿರ್ಧಾರ ವೈದ್ಯರದು. ಆದರೆ ಪರೀಕ್ಷೆಯ ಬಗ್ಗೆ ಖಚಿತವಾಗಿ ಹೇಳಬಲ್ಲೆ.

ಗರ್ಭನಿರೋಧಕವಿಲ್ಲದೆ ಒಂದು ವರ್ಷ ಕಳೆದರೂ, ಪತ್ನಿಗೆ 35 ದಾಟಿದ್ದರೆ ಆರು ತಿಂಗಳು ಕಳೆದರೂ, ಗರ್ಭ ಧರಿಸದಿದ್ದಾಗ ಇಬ್ಬರ ತಪಾಸಣೆಯೂ ಒಟ್ಟಿಗೇ ಆರಂಭವಾಗಬೇಕು. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಇರುತ್ತದೆ. ಹೀಗಿರುವಾಗ ವರ್ಷಗಟ್ಟಲೆ ಹೆಂಡತಿಯೊಬ್ಬಳನ್ನೇ ಆಸ್ಪತ್ರೆಗೂ ಹರಕೆಗೂ ಅಲೆಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಲೈಂಗಿಕ ಜೀವನದಲ್ಲಿ ತೊಂದರೆಯಿಲ್ಲ ಎಂದಮಾತ್ರಕ್ಕೆ ವೀರ್ಯಾಣುಗಳೂ ಸಾಕಷ್ಟಿವೆ ಎಂದಾಗುವುದಿಲ್ಲ. ಅದನ್ನು ಸೂಕ್ಷ್ಮದರ್ಶಕದಲ್ಲಿಯೇ ನೋಡಬೇಕು.

ಇದರಲ್ಲಿ ಸೂಜಿಯಿಲ್ಲ, ನೋವಿಲ್ಲ. ಎರಡರಿಂದ ಏಳು ದಿನ ವೀರ್ಯ ಸ್ಖಲನವಾಗದಂತೆ ಸಂಯಮದಲ್ಲಿದ್ದು ಮಾದರಿ ಕೊಡಬೇಕು. ಮನೆಯಿಂದ ತರುವುದಾದರೆ ಪ್ರಯೋಗಾಲಯದವರು ಕೊಟ್ಟ ಡಬ್ಬಿಯಲ್ಲೇ, ಮೈಯ ಬಿಸುಪು ತಾಗುವಂತೆ ಇಟ್ಟುಕೊಂಡು, ಒಂದು ಗಂಟೆಯೊಳಗೆ ತಲುಪಿಸಬೇಕು. ಸಾಮಾನ್ಯ ಕಾಂಡೋಮಿನಲ್ಲಿ ಸಂಗ್ರಹಿಸಬಾರದು. ಸ್ವಲ್ಪ ಚೆಲ್ಲಿದ್ದರೆ ಅದನ್ನು ತಿಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳು ಮತ್ತು ಶೇ. 42 ಚಲನೆ ಕೆಳಗಿನ ಮಿತಿಗಳು. ಸಂಖ್ಯೆ ಇದಕ್ಕಿಂತ ಕಡಿಮೆ ಬಂದರೆ ಎದೆಗುಂದಬೇಡಿ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ಎರಡು-ಮೂರು ತಿಂಗಳ ಹಿಂದೆ ಬಂದ ತೀವ್ರ ಜ್ವರದ ಪರಿಣಾಮವೂ ಇಂದಿನ ವರದಿಯಲ್ಲಿ ಕಾಣಬಹುದು. ಆದ್ದರಿಂದಲೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುತ್ತಾರೆ.

ವೃಷಣದ ರಕ್ತನಾಳಗಳು ಹಿಗ್ಗುವ ವೇರಿಕೋಸೀಲ್, ತಂಬಾಕು ಮತ್ತು ಹಾರ್ಮೋನಿನ ಏರುಪೇರು ಸಾಮಾನ್ಯವಾಗಿ ಕಾಣುವ ಕಾರಣಗಳು. ಜಿಮ್‌ಗೆ ಹೋಗುವ ಯುವಕರು ಮೈಕಟ್ಟಿಗಾಗಿ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಪಡೆಯುವುದು ನನ್ನನ್ನು ಬಹಳ ಕಳವಳಗೊಳಿಸುತ್ತದೆ: ಹೊರಗಿನಿಂದ ಹಾರ್ಮೋನು ಸಿಕ್ಕಾಗ ಮೆದುಳು ವೃಷಣಕ್ಕೆ ಕಳುಹಿಸುವ ಸಂಕೇತಗಳನ್ನು ತಗ್ಗಿಸುತ್ತದೆ, ವೀರ್ಯಾಣುಗಳ ಉತ್ಪತ್ತಿ ನಿಂತೇಹೋಗಬಹುದು. ಚುಚ್ಚುಮದ್ದು ನಿಲ್ಲಿಸಿದರೆ ಬಹುತೇಕರಲ್ಲಿ ತಿಂಗಳುಗಳ ಬಳಿಕ ಚೇತರಿಕೆಯಾಗುತ್ತದೆ. ವೀರ್ಯಾಣು ಒಂದೂ ಕಾಣದಿದ್ದಾಗಲೂ, ಕಾರಣ ನಾಳದ ಅಡಚಣೆಯಾಗಿದ್ದರೆ ವೃಷಣದಿಂದಲೇ ಅವನ್ನು ತೆಗೆದು ಇಕ್ಸಿ ವಿಧಾನದಲ್ಲಿ ಅಂಡಾಣುವಿನೊಳಗೆ ಸೇರಿಸಲು ಸಾಧ್ಯವಿದೆ.

ನಿಮ್ಮ ತಪಾಸಣೆಯಲ್ಲೂ ಒಂದು ಪ್ರಶ್ನೆ ಉಳಿದಿದೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಅಂಡಾಣು ಸಾಗುವ ಗರ್ಭನಾಳಗಳು ತೆರೆದಿವೆಯೇ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಬೇಕು. ನಮ್ಮ ದೇಶದಲ್ಲಿ ಕ್ಷಯರೋಗವು ಕೆಮ್ಮಿನ ಸುಳಿವೂ ಇಲ್ಲದೆ ಈ ನಾಳಗಳನ್ನು ಹಾಳುಮಾಡುವುದುಂಟು. ಮುಟ್ಟು ಅನಿಯಮಿತವಾಗಿದ್ದರೆ ಪಿಸಿಒಎಸ್ (ಹಾರ್ಮೋನಿನ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ಸಮಸ್ಯೆ) ಇದೆಯೇ ಎಂದು ನೋಡಿ, ತೂಕ ಹೆಚ್ಚಿದ್ದರೆ ಇಳಿಸುವ ಸಲಹೆಯೊಂದಿಗೆ ಅಂಡಾಣು ಬಿಡುಗಡೆಗೆ ನೆರವಾಗುವ ಲೆಟ್ರೋಜೋಲ್‌ನಂತಹ ಮಾತ್ರೆಗಳನ್ನು ಕೊಡುತ್ತಾರೆ. ಎರಡೂ ನಾಳಗಳು ಮುಚ್ಚಿದ್ದರೆ ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶದಲ್ಲಿಡುವ ಐವಿಎಫ್ ಮುಖ್ಯ ದಾರಿ. ಆದರೆ ಕಾರಣ ತಿಳಿಯುವ ಮೊದಲೇ ಐವಿಎಫ್‌ಗೆ ಹಣ ಕಟ್ಟಬೇಡಿ, ಕಟ್ಟುವಾಗ ಆ ಕೇಂದ್ರ ಇಂತಹ ಚಿಕಿತ್ಸಾ ಕೇಂದ್ರಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ.

ಪತಿಯನ್ನು ಒಪ್ಪಿಸಲು, ಮುಂದಿನ ಭೇಟಿಗೆ ಅವರನ್ನೂ ಕರೆದೊಯ್ದು, ಇಬ್ಬರ ಪರೀಕ್ಷೆಗಳನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡುವಂತೆ ವೈದ್ಯರನ್ನು ಕೇಳಿ. ವರದಿ ಬಂದ ಮೇಲೆ ಹೆಸರುಗಳಿಲ್ಲದೆ ಸಂಖ್ಯೆಗಳನ್ನಷ್ಟೇ ಇಲ್ಲಿ ಬರೆದರೆ, ಅವುಗಳ ಅರ್ಥವೇನೆಂದು ನಾನು ವಿವರಿಸುತ್ತೇನೆ.