ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ: ಮಂಡಿ ಊದಿದ್ರೆ ಮೊದ್ಲು ಅದ್ರ ನೀರು ನೋಡಿ

ಪ್ರಶ್ನೆ: ಸರ್, ನಾನು ಎಂಬಿಬಿಎಸ್ ಫೈನಲ್ ಇಯರ್. ಮಂಡ್ಯ ಕಡೆಯ ರೈತರೊಬ್ರು ಅಡ್ಮಿಟ್ ಆಗಿದ್ರು, ಬಿಪಿಗೆ ಥಯಾಜೈಡ್ ಮಾತ್ರೆ ತಗೋತಾರೆ, ರಾತ್ರೋರಾತ್ರಿ ಮಂಡಿ ಊದಿ ಕೆಂಪಗಾಗಿ ಕಾಲು ಊರೋಕೇ ಆಗ್ತಿರ್ಲಿಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ 5.8 ಅಂತ ನಾರ್ಮಲ್ಲೇ ಬಂತು, ಹಂಗಾಗಿ ಗೌಟ್ (ಕೀಲೊಳಗೆ ಯೂರಿಕ್ ಆಸಿಡ್ ಹರಳುಗಟ್ಟಿ ಬರೋ ಉರಿಯೂತ) ಅಲ್ಲ ಅಂದ್ಕೊಂಡ್ವಿ. ಸರೀನಾ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಇಲ್ಲಮ್ಮ, ಅಷ್ಟು ಬೇಗ ಬಿಡಬೇಡಿ. ನೋವು ಜೋರಾಗಿರೋವಾಗ ಉರಿಯೂತದಿಂದಾನೇ ಕಿಡ್ನಿ ಯೂರೇಟನ್ನ (ರಕ್ತದಲ್ಲಿ ಯೂರಿಕ್ ಆಸಿಡ್ ಇರೋ ರೂಪ) ಜಾಸ್ತಿ ಹೊರಗೆ ಹಾಕತ್ತೆ, ಆಗ ರಕ್ತದಲ್ಲಿ ನಾರ್ಮಲ್ ಕಾಣಬಹುದು, ಎರಡು ವಾರ ಕಳೆದ್ಮೇಲೆ ತಿರ್ಗಾ ನೋಡಿದ್ರೆ ಏರಿರತ್ತೆ. ಥಯಾಜೈಡೂ ಯೂರೇಟ್ ಏರಿಸೋ ಮಾತ್ರೇನೇ. ಇನ್ನೊಂದು ಕಡೆ, ಯೂರಿಕ್ ಆಸಿಡ್ 9 ಇದ್ದೂ ಒಂದ್ಸಲಾನೂ ಕೀಲು ನೋಯದೇ ಇರೋರು ಬೇಕಾದಷ್ಟು ಜನ ಇದಾರೆ. 6.8 ದಾಟಿದ್ರೆ ಯೂರೇಟ್ ಹರಳುಗಟ್ಟೋಕೆ ಅವಕಾಶ ಆಗತ್ತೆ, ಅಷ್ಟೇ; ಕೀಲೊಳಗೆ ಹರಳು ಇದೆಯೋ ಇಲ್ವೋ ಅಂತ ರಕ್ತ ಹೇಳಲ್ಲ.

ಆದ್ರಿಂದ ಸೂಜಿ ಹಾಕಿ ಮಂಡಿ ನೀರು ತೆಗೀಲೇಬೇಕು. ಸೆಲ್ ಕೌಂಟ್, ಗ್ರಾಮ್ ಸ್ಟೈನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾ ನೋಡೋದು), ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋದು), ಹರಳು, ಈ ನಾಲ್ಕನ್ನೂ ಕೇಳಿ. ಬಿಳಿ ರಕ್ತಕಣ ಒಂದು ಮೈಕ್ರೋಲೀಟರಿಗೆ 2,000 ದಾಟಿದ್ರೆ ಉರಿಯೂತ, 50,000 ದಾಟಿದ್ರೆ ಸೆಪ್ಟಿಕ್ (ಕೀಲಿಗೆ ಸೋಂಕು) ಅನುಮಾನ ಅಂತ ಪುಸ್ತಕದಲ್ಲಿರತ್ತೆ, ಆದ್ರೆ ಗೌಟಲ್ಲೂ 50,000 ದಾಟೋದುಂಟು, ಶುಗರ್ ಇರೋರಲ್ಲಿ ಕೀವಾಗಿದ್ರೂ ಕಮ್ಮಿ ಬರೋದುಂಟು. ಇಲ್ಲಿ ನಾನು ಒತ್ತಿ ಹೇಳ್ತೀನಿ: ಹರಳು ಸಿಕ್ತು ಅಂತ ಕಲ್ಚರ್ ಕ್ಯಾನ್ಸಲ್ ಮಾಡಬೇಡಿ, ಯಾಕಂದ್ರೆ ಗೌಟೂ ಸೋಂಕೂ ಒಂದೇ ಮಂಡೀಲಿ ಇರಬಹುದು, ಸೋಂಕಾದ್ರೆ ಕೆಲವೇ ದಿನದಲ್ಲಿ ಕಾರ್ಟಿಲೇಜ್ ಹಾಳಾಗಿ ಆ ಮನುಷ್ಯ ಮತ್ತೆ ಗದ್ದೆಗೆ ಇಳಿಯೋದೇ ಕಷ್ಟ ಆಗತ್ತೆ. ಸೋಂಕಿಲ್ಲ ಅಂತ ಖಾತ್ರಿ ಆಗೋವರೆಗೂ ಕೀಲಿಗೆ ಸ್ಟೀರಾಯ್ಡ್ ಚುಚ್ಚಬೇಡಿ.

ಪ್ರಶ್ನೆ: ಗೌಟ್, ಸೂಡೋಗೌಟ್ (ಗೌಟ್ ಥರಾನೇ ಕಾಣೋ ಇನ್ನೊಂದು ಹರಳಿನ ಕಾಯಿಲೆ) ಎರಡರ ಹರಳಿನ ಬಣ್ಣ ಪರೀಕ್ಷೇಲಿ ಯಾವಾಗ್ಲೂ ಅದಲು ಬದಲಾಗತ್ತೆ. ಸುಲಭವಾಗಿ ಹೇಳ್ತೀರಾ?
— ವಿದ್ಯಾರ್ಥಿ, ಮಂಡ್ಯ

ಉತ್ತರ: ಮೊದ್ಲು ಆಕಾರ. ಗೌಟಿನ ಯೂರೇಟ್ ಸೂಜಿ ಥರ ಉದ್ದ, ಸೂಡೋಗೌಟಿನ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಗಿಡ್ಡ, ವಜ್ರಾಕೃತಿ. ಕಾಂಪೆನ್ಸೇಟರ್ (ಹರಳಿಗೆ ಬಣ್ಣ ಬರಿಸೋ ಫಿಲ್ಟರ್) ಹಾಕಿದ ಪೋಲರೈಸಿಂಗ್ ಮೈಕ್ರೋಸ್ಕೋಪಲ್ಲಿ, ಆ ಫಿಲ್ಟರಿನ ಸ್ಲೋ ಆಕ್ಸಿಸ್ ಅನ್ನೋ ದಿಕ್ಕಿಗೆ ಹರಳು ಸಮಾನಾಂತರ ಇದ್ದಾಗ ಯೂರೇಟ್ ಹಳದಿ, ಪೈರೋಫಾಸ್ಫೇಟ್ ನೀಲಿ, ಅದೂ ಮಸುಕಾಗಿ. ಸಮಾನಾಂತರ ಇದ್ರೆ ಯೂರೇಟ್ ಹಳದಿ ಅನ್ನೋದೊಂದನ್ನ ಹಿಡ್ಕೊಳ್ಳಿ, ಉಳಿದದ್ದು ತಾನಾಗೇ ಬರತ್ತೆ. 1961ರಲ್ಲಿ ಮೆಕಾರ್ಟಿ ಮತ್ತೆ ಹಾಲಂಡರ್ ಹಿಂಗೆ ಕೀಲಿನ ನೀರಲ್ಲಿ ಯೂರೇಟ್ ಹರಳು ತೋರಿಸಿದ್ರು. ನೀರನ್ನ ತಾಜಾ ಇರೋವಾಗ್ಲೇ ನೋಡಿ. ಗೌಟ್ ಗಂಟಿಂದ ತೆಗೆದ ಚೂರನ್ನ (ಬಯಾಪ್ಸಿ) ಫಾರ್ಮಾಲಿನ್‌ಗೆ ಹಾಕಿದ್ರೆ ಯೂರೇಟ್ ಕರಗಿಹೋಗತ್ತೆ, ಆಲ್ಕೋಹಾಲಲ್ಲಿ ಕಳಿಸಿ.

ಅರವತ್ತು ದಾಟದೇ ಇರೋರಲ್ಲಿ ಪೈರೋಫಾಸ್ಫೇಟ್ ಸಿಕ್ರೆ ಪ್ಯಾರಾಥೈರಾಯ್ಡ್ ಹಾರ್ಮೋನ್, ಕಬ್ಬಿಣ, ಮೆಗ್ನೀಷಿಯಂ ಚೆಕ್ ಮಾಡಿ.

ಪ್ರಶ್ನೆ: ನೋವಿರೋವಾಗ ಅಲೋಪ್ಯೂರಿನಾಲ್ (ಯೂರೇಟ್ ಇಳಿಸೋ ಮಾತ್ರೆ) ಕೊಡಬಹುದಾ? ಸೊಪ್ಪು, ಬೇಳೆ, ಮಟನ್ ಎಲ್ಲಾ ಬಿಡಿಸಬೇಕಾ?
— ಹೌಸ್ ಸರ್ಜನ್, ಮೈಸೂರು

ಉತ್ತರ: ಮೊದ್ಲಿಂದ ತಗೋತಿದ್ರೆ ನಿಲ್ಲಿಸಬೇಡಿ. ಹೊಸದಾಗಿ ಶುರು ಮಾಡೋದಾದ್ರೆ ನೋವಿಗೆ ಸರಿಯಾದ ಔಷಧಿ ಕೊಟ್ಟು ಶುರು ಮಾಡಬಹುದು: 100 ಎಂಜಿ, ಕಿಡ್ನಿ ಸರಿಯಿಲ್ಲದಿದ್ರೆ ಇನ್ನೂ ಕಮ್ಮಿ, ನಿಧಾನ ಏರಿಸ್ತಾ ಯೂರೇಟ್ 6ಕ್ಕಿಂತ ಕೆಳಗೆ ತನ್ನಿ. ಹರಳು ಕರಗೋವಾಗ ನೋವು ಮರುಕಳಿಸತ್ತೆ, ಮಾತ್ರೆಯಿಂದಾನೇ ಹೆಚ್ಚಾಯ್ತು ಅಂತ ಜನ ಬಿಸಾಕ್ತಾರೆ, ಅದನ್ನ ಮೊದಲೇ ಹೇಳಿ, 3ರಿಂದ 6 ತಿಂಗಳು ಆ ನೋವು ತಡೆಯೋಕೆ ಕಮ್ಮಿ ಡೋಸ್ ಕಾಲ್ಚಿಸಿನ್ ಮಾತ್ರೆ ಜೊತೆಗಿರಲಿ. ಮೈಮೇಲೆ ದದ್ದು ಬಂದ್ರೆ ಅಲೋಪ್ಯೂರಿನಾಲ್ ಅವತ್ತೇ ನಿಲ್ಲಿಸಬೇಕು.

ಊಟದ ವಿಷಯದಲ್ಲಿ ನಮ್ಮೋರು ಬಡವರಿಗೆ ಅನ್ಯಾಯ ಮಾಡ್ತಾರೆ ಅಂತ ನಂಗೆ ಬೇಜಾರು. ಮುದ್ದೆ, ಸೊಪ್ಪಿನ ಸಾರು, ಬೇಳೆ ಬಿಡಿಸೋ ಅಗತ್ಯ ಇಲ್ಲ, ಗಿಡದ ಪ್ಯೂರಿನ್‌ನಿಂದ (ಮೈಯಲ್ಲಿ ಯೂರಿಕ್ ಆಸಿಡ್ ಆಗೋ ಅಂಶ) ಗೌಟ್ ಅಪಾಯ ಹೆಚ್ಚಲ್ಲ. ಬೋಟಿ, ಲಿವರ್, ಬಿಯರ್, ಬ್ರಾಂದಿ ಬಿಡಿಸಿ, ಮಟನ್ ಕಮ್ಮಿ ಮಾಡ್ಸಿ. ಸಕ್ಕರೆ ಪಾನೀಯನೂ ಯೂರೇಟ್ ಏರಿಸತ್ತೆ, ಅದರ ಫ್ರಕ್ಟೋಸ್ ಕಾರಣ, ಆದ್ರಿಂದ ದಿನಾ ಲೋಟಗಟ್ಲೆ ಕಬ್ಬಿನ ಹಾಲು ಕುಡೀತಾರಾ ಅಂತಾನೂ ಕೇಳಿ.